ಯಾಕ ಮೇಡಂ ಬಂದಿಲ್ಲ?

ಮೂರು ವರ್ಷದ ಹಿಂದಿನ ಮಾತು. ತೊಗರಿ ಸುಗ್ಗಿಯ ಹೊತ್ತಿಗೆ ಕಂಪನಿ ನನ್ನನ್ನು ಯಾದಗಿರಿಯ ಒಂದು ಬೇಳೆ ಮಿಲ್ಲಿಗೆ ಕಳಿಸಿತು. ಕೆಲಸ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ನೋಡಿ ಸರಿಪಡಿಸುವುದೇ ನನ್ನ ಕೆಲಸ. ನಮ್ಮೂರು ಮಂಡ್ಯ. ಯಾದಗಿರಿಯಲ್ಲಿ ಒಬ್ಬರೂ ಪರಿಚಯದವರಿರಲಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಬಂದ ವಾರವೇ ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗ್ ಮಾಡಬೇಕೆಂದು ನಿಯಮ ತಂದೆ. ಏನಾದರೂ ಕೆಟ್ಟರೆ 'ಯಾಕೆ' ಎಂದು ಕೇಳಬೇಕು. ಬಂದ ಉತ್ತರಕ್ಕೂ ಮತ್ತೆ 'ಯಾಕೆ' ಎನ್ನಬೇಕು, ಬೇರು ಸಿಗುವ ತನಕ. ಜರಡಿ ಯಾಕೆ ನಿಂತಿತು? ಬೆಲ್ಟ್ ಹರಿಯಿತು. ಯಾಕೆ ಹರಿಯಿತು? ಹಳೆಯದಾಗಿತ್ತು. ಹಳೆಯದನ್ನು ಯಾಕೆ ಬದಲಿಸಲಿಲ್ಲ? ಹೀಗೆ. ಬೇಳೆ ಆರಿಸುವ ಹೆಂಗಸರು ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಬೆನ್ನ ಹಿಂದೆ ನನಗೆ 'ಯಾಕ ಮೇಡಂ' ಎಂದು ಹೆಸರಿಟ್ಟದ್ದೂ ಕಿವಿಗೆ ಬಿತ್ತು.

ಕೆಲಸವೇನೋ ಸಲೀಸಾಯಿತು. ಆದರೆ ಮಧ್ಯಾಹ್ನ ಅವರೆಲ್ಲ ಒಟ್ಟಿಗೆ ಬುತ್ತಿ ಬಿಚ್ಚಿದರೆ ನಾನು ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುತ್ತಿದ್ದೆ. ಅವರು ಕರೆಯಲಿಲ್ಲ, ನಾನು ಹೋಗಲಿಲ್ಲ. ಭಾನುವಾರ ಬಂದರೆ ಇಡೀ ದಿನ ಯಾರೊಂದಿಗೂ ಒಂದು ಮಾತಿಲ್ಲ.

ಆಗ ಜ್ವರ ಬಂತು. ಎದ್ದು ನೀರು ಕುಡಿಯಲೂ ಆಗದಂಥ ಜ್ವರ. ಮೊಬೈಲಿನ ಚಾರ್ಜು ಮುಗಿದಿತ್ತು. ಇದ್ದಿದ್ದರೂ ಯಾರಿಗೆ ಮಾಡಬೇಕಿತ್ತು? ಅಮ್ಮ ಹೋದ ಮೇಲೆ ನನ್ನನ್ನು ಹುಡುಕುವವರೇ ಇರಲಿಲ್ಲ. ಈ ಬಾಡಿಗೆ ಕೋಣೆಯಲ್ಲಿ ಸತ್ತರೂ ಯಾರಿಗೂ ತಿಳಿಯುವುದಿಲ್ಲ ಎಂದು ಹೆದರಿ ಮಲಗಿದ್ದೆ.

ಮರುದಿನ ಬಾಗಿಲು ಧಡಧಡ ಬಡಿದ ಸದ್ದು. ಗೋಡೆ ಹಿಡಿದು ಹೋಗಿ ತೆಗೆದರೆ, ಆರಿಸುವವರ ಮುಖ್ಯಸ್ಥೆ ಶರಣಮ್ಮ. ಅವರ ಹಿಂದೆ ಇನ್ನಿಬ್ಬರು.

"ಯವ್ವಾ! ಮೈ ಕಾದ ಹಂಚ ಆಗ್ಯಾದಲ್ರಿ!" ಎಂದು ಹಣೆ ಮುಟ್ಟಿ ನನ್ನನ್ನು ಕೂರಿಸಿದರು.

"ನನ್ನ ಮನೆ ಹೇಗೆ ಗೊತ್ತಾಯಿತು?" ಎಂದೆ.

"ಸ್ಟೇಷನ್ ಕಡಿ ಅಂತ ಯಾರೋ ಅಂದ್ರು. ಮನಿ ಮನಿ ಕೇಳ್ಕೋತ ಬಂದೀವಿ. ನೀವಿಲ್ದಿದ್ರೂ ಮುಂಜಾನಿ ನಿಂತ್ಕೊಂಡ ಮೀಟಿಂಗ್ ಮಾಡಿದ್ವಿರಿ. ಮೇಡಂ ಯಾಕ ಬಂದಿಲ್ಲ? ಗೊತ್ತಿಲ್ಲ. ಯಾಕ ಗೊತ್ತಿಲ್ಲ? ಅವ್ರ ಮನಿ ಯಾರೂ ನೋಡಿಲ್ಲ. ಯಾಕ ನೋಡಿಲ್ಲ? ಅವ್ರು ಕರ್ದಿಲ್ಲ. ನಮ್ಮನ್ನ ಯಾಕ ಕರ್ದಿಲ್ಲ?" ಶರಣಮ್ಮ ಅಲ್ಲಿಗೆ ನಿಲ್ಲಿಸಿದರು. "ಇದಕ್ಕ ನಮ್ಮ ಹತ್ರ ಉತ್ರ ಇಲ್ರಿ. ನೀವ ಹೇಳ್ಬೇಕು."

ನನಗೆ ಅಳು ಬಂತು. ಅವರು ಮತ್ತೆ ಕೇಳಲಿಲ್ಲ. ಆಟೊ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ಗ್ಲೂಕೋಸ್ ಇಳಿಯುವ ತನಕ ಶರಣಮ್ಮ ನನ್ನ ಕಾಲೊತ್ತುತ್ತ ಕೂತಿದ್ದರು.

ಈಗ ಬೇರೆ ಊರಿನಲ್ಲಿದ್ದೇನೆ. ಇಲ್ಲೂ ಒಬ್ಬಳೇ, ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆಮೇಲೆ ಎಷ್ಟೋ ಮಿಲ್ಲುಗಳಲ್ಲಿ ಎಷ್ಟೋ ತೊಂದರೆಗಳ ಬೇರು ಹುಡುಕಿ ಕೊಟ್ಟಿದ್ದೇನೆ. ಶರಣಮ್ಮ ಕೇಳಿದ್ದಕ್ಕೆ ಮಾತ್ರ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ.