ಬಿಳಿಚಿದ ಬೀಜ

ಕೋಣನಕುಂಟೆಯ ಗೋವಿಂದಮ್ಮ ಯಾರನ್ನೂ ನಂಬುವವಳಲ್ಲ. ಹೂವಾಡಗಿತ್ತಿ ಅಳೆದುಕೊಟ್ಟ ಮೊಳವನ್ನು ಅಲ್ಲೇ ನಿಂತು ತನ್ನ ಮೊಳದಲ್ಲಿ ಮತ್ತೆ ಅಳೆಯುತ್ತಾಳೆ. ಬೋರ್ಡು ಓದಿಕೊಂಡೇ ಬಸ್ಸು ಹತ್ತಿದರೂ ಕಂಡಕ್ಟರನ್ನು ಕೇಳುತ್ತಾಳೆ. ಅವನು ಹೇಳಿದ ಮೇಲೆ ಪಕ್ಕದಲ್ಲಿ ಕೂತವರನ್ನು ಕೇಳುತ್ತಾಳೆ. ಸೊಸೆ ಕಲ್ಯಾಣಿ 'ಅನುಮಾನಂ ಪೆದ್ದರೋಗಂ' ಎಂದು ಆಡಿಕೊಂಡರೆ, "ರೋಗ ಅಲ್ಲ ಕಣೇ, ಹದಿನೇಳು ವರ್ಷ ನಂಗೆ ಅನ್ನ ಹಾಕಿದ್ದೇ ಅದು" ಎನ್ನುತ್ತಾಳೆ.

ಮಾತು ಸುಳ್ಳಲ್ಲ. ಹಾಸನದಲ್ಲಿ ಕಾಫಿ ಬೀಜ ಹಸನು ಮಾಡುವ ಕಾರ್ಖಾನೆಯೊಂದರಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಒಂದೊಂದು ಬೀಜವನ್ನೂ ಅನುಮಾನಿಸುವುದೇ ಅವಳ ಕೆಲಸವಾಗಿತ್ತು. ಕಪ್ಪಾದದ್ದು, ಹುಳು ಕೊರೆದದ್ದು, ಒಡೆದದ್ದು ಎಲ್ಲ ಆಚೆ. ಎಲ್ಲಕ್ಕಿಂತ ದೊಡ್ಡ ಶತ್ರು ಬಿಳಿಚಿದ ಬೀಜ, ಅಂದರೆ ಒಣಗಿದ ಮೇಲೆ ತೇವ ಕುಡಿದು ಬಣ್ಣ ಕಳೆದುಕೊಂಡದ್ದು. ಮೇಸ್ತ್ರಿ ಒಂದು ಹಿಡಿ ತೆಗೆದು ನೋಡಿದಾಗ ನಾಲ್ಕು ಬಿಳಿ ಸಿಕ್ಕರೂ ಮೂಟೆಯನ್ನೇ ಸುರಿದು ಮತ್ತೆ ಆರಿಸಬೇಕು. ಗೋವಿಂದಮ್ಮನ ಮೂಟೆಯನ್ನು ಒಂದು ದಿನವೂ ಸುರಿದದ್ದಿಲ್ಲ. ಆಮೇಲೆ ಬೀಜ ಆರಿಸುವ ಯಂತ್ರ ಬಂತು, ಹೆಂಗಸರ ಸಾಲು ಚದುರಿತು.

ಬೆಂಗಳೂರಿಗೆ ಬಂದ ಅವಳು ಈಗ ಜೆ.ಪಿ. ನಗರದ ಪುಟ್ಟ ಕಾಫಿ ಅಂಗಡಿಯೊಂದರಲ್ಲಿ ನೆಲ ಒರೆಸುತ್ತಾಳೆ. ಒಡತಿ ಮೇಘಶ್ರೀ ಹಸಿ ಬೀಜ ತರಿಸಿ ಅಲ್ಲೇ ಹುರಿಯುವವಳು. ಅವಳ ಬಾಯಲ್ಲಿ ಸದಾ ಯಾವ ಸೀಮೆಯ ಕಾಫಿ ಹೇಗೆ ಎಂಬ ಮಾತು. ಚಿಕ್ಕಮಗಳೂರಿನ ಗಿರಿಯ ತಂಪಿನಲ್ಲಿ ಅರೇಬಿಕಾ ನಿಧಾನವಾಗಿ ಹಣ್ಣಾಗುತ್ತದಂತೆ, ಅದಕ್ಕೇ ಅದರಲ್ಲಿ ಕಿತ್ತಳೆಯ ಹುಳಿಸಿಹಿ. ಕುದಿ ಇಳಿದ ನೀರನ್ನು ನಿಧಾನವಾಗಿ ಹನಿಸಿ, ಹಾಲು ಹಾಕದೆ ಕುಡಿಯಬೇಕಂತೆ. ತಗ್ಗಿನ ಬೆಚ್ಚನೆಯ ತೋಟದ ರೊಬಸ್ಟಾ ಒರಟು. ಅದನ್ನು ಫಿಲ್ಟರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿ ಹಾಲು ಬೆರೆಸಿದರೇ ಚೆಂದವಂತೆ. ಗೋವಿಂದಮ್ಮ ಇದನ್ನೂ ಪೂರ್ತಿ ನಂಬಿರಲಿಲ್ಲ. ಆದರೆ ಹುರಿಯುವ ಮುನ್ನ ಮೇಘಶ್ರೀ ಬೀಜವನ್ನು ಮೊರಕ್ಕೆ ಸುರಿದು, "ಒಂಚೂರು ನೋಡಿ ಗೋವಿಂದಮ್ಮ" ಎಂದು ಮುಂದಿಡುತ್ತಿದ್ದಳು. ದಿನದ ಆ ಅರ್ಧ ಗಂಟೆ ಅವಳಿಗೆ ಹಬ್ಬ. ಉಳಿದ ಹೊತ್ತೆಲ್ಲ ನೆಲ ಒರೆಸುತ್ತಿದ್ದದ್ದು ಅದಕ್ಕಾಗಿಯೇ.

ಒಂದು ಬುಧವಾರ ಮೇಘಶ್ರೀ ಹೊರಗೆ ಹೋಗಿದ್ದಾಗ, ಬೀಜ ಪೂರೈಸುವವರ ಕಡೆಯ ಯುವರಾಜ್ ಆಟೋದಲ್ಲಿ ಮೂಟೆ ತಂದಿಳಿಸಿದ. ಗೋವಿಂದಮ್ಮ ಹೊಲಿಗೆ ಬಿಚ್ಚಿ ಒಂದು ಹಿಡಿ ತೆಗೆದಳು. ಬಿಳಿ! ಒಂದೆರಡಲ್ಲ, ಇಡೀ ಮೂಟೆಯೇ ಊದಿಕೊಂಡು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಅವಳ ಮೈಯೆಲ್ಲ ಉರಿಯಿತು.

"ಏನಪ್ಪಾ ಇದು? ನೆಂದಿರೋ ಮಾಲನ್ನ ತಂದು ಆ ಹುಡುಗಿ ತಲೆಗೆ ಕಟ್ತಿದ್ದೀರಾ?"

"ಅಯ್ಯೋ ಆಂಟಿ, ಅದಿರೋದೇ ಹಂಗೆ. ಮೇಡಮ್ಮೇ ಆರ್ಡರ್ ಮಾಡಿರೋದು" ಎಂದ ಯುವರಾಜ್, ಎಲ್ಲೋ ನೋಡುತ್ತ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಲ್ಲ ಇವನು ಎನ್ನಿಸಿತು ಅವಳಿಗೆ. "ನಂಗೇ ಹೇಳ್ಕೊಡ್ತೀಯಾ? ಎತ್ತೋ ಮೂಟೆನ!" ಎಂದಳು. ಮೂಟೆ ಬಂದ ಆಟೋದಲ್ಲೇ ವಾಪಸಾಯಿತು.

ವಿಷಯ ಕೇಳಿ ಮೇಘಶ್ರೀ ತಲೆಯ ಮೇಲೆ ಕೈ ಹೊತ್ತಳು. ಶನಿವಾರ ಇಪ್ಪತ್ತು ಜನರನ್ನು ಕರೆದು ಒಂದೊಂದು ಸೀಮೆಯ ಕಾಫಿಯ ರುಚಿ ತೋರಿಸುವವಳಿದ್ದಳು, ಈ ಬೀಜ ತರಿಸಿದ್ದೂ ಅದಕ್ಕೇ.

"ಅದು ಕೆಟ್ಟಿರೋದಲ್ಲ ಗೋವಿಂದಮ್ಮ. ಅರೇಬಿಕಾನೇ ಅದು. ಮಂಗಳೂರು ಕಡೆ ಗೋಡೌನ್‌ನಲ್ಲಿ ಮಳೆಗಾಲದ ಗಾಳಿಗೆ ವಾರಗಟ್ಟಲೆ ಹರಡಿ ಇಡ್ತಾರೆ. ಹುಳಿ ಹೋಗಿ ರುಚಿ ಮೆತ್ತಗಾಗುತ್ತೆ. ಬೇಕಂತಾನೇ ಬಿಳಿ ಮಾಡೋದು."

"ಬೇಕಂತ ಯಾರಾದ್ರೂ ಬೀಜ ಕೆಡಿಸ್ತಾರಾ ಮೇಡಂ?"

"ಕೆಡ್ಸೋದಲ್ಲ ಅಂದ್ನಲ್ಲ! ಇನ್ಮೇಲೆ ನೀವು ಬೀಜ ಮುಟ್ಬೇಡಿ. ನೆಲ ಒರೆಸಿದ್ರೆ ಸಾಕು."

ಗೋವಿಂದಮ್ಮನ ಮುಖ ಸಣ್ಣಗಾಯಿತು.

ಮರುದಿನ ಮೂಟೆ ಮತ್ತೆ ಬಂತು. "ಇವತ್ತು ಇಳಿಸ್ಲಾ ಆಂಟಿ?" ಎಂದು ಯುವರಾಜ್ ಹಲ್ಲು ಕಿರಿದ. ಅವಳು ಬಕೆಟ್ಟಿನಿಂದ ತಲೆ ಎತ್ತಲಿಲ್ಲ.

ಮೇಘಶ್ರೀ ಬೀಜವನ್ನು ಹುರಿಯುವ ಯಂತ್ರಕ್ಕೆ ಸುರಿಯುವಾಗ ಒಂದೆರಡು ಹಿಡಿ ನೆಲಕ್ಕೆ ಚೆಲ್ಲಿತು. ಗೋವಿಂದಮ್ಮ ಪೊರಕೆ ತಂದಳು. ಬೀಜ ಮುಟ್ಟಬೇಡ ಅಂದಿದ್ದಾರೆ ನಿಜ, ಆದರೆ ನೆಲಕ್ಕೆ ಬಿದ್ದದ್ದು ಕಸ, ಕಸ ತನ್ನದು. ಮೊರಕ್ಕೆ ಬಳಿದುಕೊಂಡು ಹಿಂದಿನ ಬಾಗಿಲ ಬೆಳಕಿಗೆ ಹಿಡಿದಳು. ಬಿಳಿ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನೋಡಿದಾಗ ಬೇರೆಯದೇ ಕಂಡಿತು. ಕೆಲವು ಬೀಜ ಉದ್ದ, ಹೊಟ್ಟೆಯ ಗೆರೆ ಡೊಂಕು, ಅದು ಅರೇಬಿಕಾ. ಮಿಕ್ಕವು ದುಂಡಗೆ, ಗೆರೆ ನೆಟ್ಟಗೆ, ಅದು ರೊಬಸ್ಟಾ. ಬೆರಳುಗಳು ತಾವಾಗಿಯೇ ಎರಡು ಗುಡ್ಡೆ ಮಾಡಿದವು.

"ಮೇಡಂ, ಬೈಯೋದಾದ್ರೆ ಆಮೇಲೆ ಬೈರಿ. ಮೊದ್ಲು ಇದನ್ನ ನೋಡಿ."

ಮೇಘಶ್ರೀ ಬೇಸರದಿಂದಲೇ ಬಗ್ಗಿ ನೋಡಿದಳು, ಮತ್ತೆ ನೋಡಿದಳು. ಎರಡು ಗುಡ್ಡೆಯನ್ನೂ ಬಾಣಲೆಯಲ್ಲಿ ಬೇರೆಬೇರೆ ಹುರಿದು, ಎರಡು ಲೋಟ ಕಾಫಿ ಇಳಿಸಿದಳು. ಮೊದಲನೆಯದು ಹುಳಿಯಿಲ್ಲದೆ ಮೆತ್ತಗೆ ಗಂಟಲಿಗಿಳಿಯಿತು. ಗೋವಿಂದಮ್ಮ ಅನುಮಾನದಿಂದ ಒಂದು ಗುಟುಕು ಕುಡಿದವಳು, ಗೊತ್ತಿಲ್ಲದೆಯೇ ಇನ್ನೊಂದು ಗುಟುಕು ಕುಡಿದಳು. ಬಿಳಿಚಿದ ಬೀಜಕ್ಕೆ ಇಂಥ ರುಚಿಯಾ! ಎರಡನೆಯದು ನಾಲಿಗೆಯನ್ನು ಒರಟಾಗಿ ಹಿಡಿಯಿತು.

"ಅರೇಬಿಕಾ ಅಂತ ಹೇಳಿ ರೊಬಸ್ಟಾ ಬೆರೆಸಿ ಮೋಸ ಮಾಡಿದ್ದಾರೆ" ಎಂದಳು ಮೇಘಶ್ರೀ. ಲೋಟ ಕೆಳಗಿಟ್ಟು ಕೇಳಿದಳು: "ನಿನ್ನೆ ಮೂಟೆ ಬಿಚ್ಚಿದಾಗ ಇದು ಕಾಣಿಸ್ಲಿಲ್ವಾ ಗೋವಿಂದಮ್ಮ?"

ಹೌದು, ಕಂಡಿತ್ತು, ಅದಕ್ಕೇ ವಾಪಸ್ ಕಳಿಸಿದೆ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲ ಮೇಡಂ. ಬಣ್ಣ ಕಂಡಿದ್ದೇ ತಡ ಬೈಯೋಕೆ ಶುರು ಮಾಡ್ದೆ. ಗೆರೆ ನೋಡ್ಲೇ ಇಲ್ಲ."

ಮೇಘಶ್ರೀ ಒಳಗಿನಿಂದ ಮಣೆ ತಂದು ಹಾಕಿದಳು, ಮೊರ ತುಂಬ ಬೀಜ ಸುರಿದಳು. "ಶನಿವಾರಕ್ಕೆ ಆಗುವಷ್ಟು ಆರಿಸ್ಕೊಡ್ತೀರಾ?" ಎಂದಳು.

ಗೋವಿಂದಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಆರಿಸಿಟ್ಟ ಮೊದಲ ಹಿಡಿಯನ್ನು ಮತ್ತೆ ಮೊರಕ್ಕೇ ಸುರಿದು ಇನ್ನೊಮ್ಮೆ ನೋಡಿದಳು. ಬದುಕಿನಲ್ಲಿ ಮೊದಲ ಸಲ ಅವಳಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂದಿತ್ತು.