ಅಮ್ಮನ ಸಾಕ್ಷಿ ಅಚ್ಚಾದದ್ದು

ನಮ್ಮ ಸಭೆಯಲ್ಲಿ ಭಾನುವಾರ ಹಾಡುಗಳು ಮುಗಿದ ಮೇಲೆ, ಪಾಸ್ಟರ ಪ್ರಸಂಗಕ್ಕೆ ಮೊದಲು, ಸಾಕ್ಷಿಯ ಹೊತ್ತು. ಯಾರಾದರೂ ಎದ್ದು ನಿಂತು ದೇವರು ತಮಗೆ ಮಾಡಿದ್ದನ್ನು ಹೇಳಬಹುದು. ಅಮ್ಮ ವರ್ಷಕ್ಕೆ ಎರಡು ಮೂರು ಸಲ ಏಳುತ್ತಿದ್ದಳು. ಅವಳು ಹೇಳುತ್ತಿದ್ದದ್ದು ರಾಮನಗರದ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಅವಳಿಗೆ ಕೆಲಸವಿದ್ದ ಕಾಲದ ಮಾತು. ಬೇಸಿನ್ನಿನ ಬಿಸಿನೀರಿನಲ್ಲಿ ದಿನವೆಲ್ಲ ಗೂಡು ತಿರುವಿ ಎಳೆ ಹಿಡಿದು, ಅವಳ ಬಲಗೈ ಬೆರಳು ಕೀವಾಗಿ ಕೊಳೆಯತೊಡಗಿದವು. ಎರಡು ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರು. ಸಭೆಯವರು ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದರು. ಬೆರಳು ಉಳಿದವು. ಇಷ್ಟೇ ಸಾಕ್ಷಿ. ನೆರೆದವರೆಲ್ಲ "ಸ್ತೋತ್ರ" ಅನ್ನುತ್ತಿದ್ದರು. ವರ್ಷವೆಲ್ಲ ಸೇರಿ ಅಮ್ಮ ಬಾಯಿ ತೆರೆದರೆ ನಾಲ್ಕು ಜನ ಸುಮ್ಮನಾಗಿ ಕೇಳುತ್ತಿದ್ದದ್ದು ಆ ಹೊತ್ತೊಂದೇ.

ನನ್ನ ಮೊದಲ ಪುಸ್ತಕಕ್ಕೆ ನಾನು ಕೈಹಾಕಿದ್ದು ಈ ಸಾಕ್ಷಿಗೆ. ಆಗ ಬಿಡದಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು, ಸರಿಯಿದ್ದವನ್ನು ಒಂದು ಟ್ರೇಗೂ ಇಲ್ಲದವನ್ನು ಇನ್ನೊಂದಕ್ಕೂ ಹಾಕುವುದು ನನ್ನ ಕೆಲಸ. ಕಂಪನಿ ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಬರೆಯುತ್ತಿದ್ದೆ. ಹಾಗೆಂದು ಹೇಳುತ್ತ ಬಂದಿದ್ದೇನೆ. ಬಸ್ಸಿನಲ್ಲಿ ಬಹುತೇಕ ನಿದ್ದೆ ಮಾಡುತ್ತಿದ್ದೆ ಎಂಬುದೇ ಹೆಚ್ಚು ನಿಜ. ಬರೆದದ್ದೆಲ್ಲ ರಜೆಯ ಮಧ್ಯಾಹ್ನಗಳಲ್ಲಿ, ಅಮ್ಮನ ಎದುರು ಕೂತು, ಕೇಳಿ ಕೇಳಿ.

"ಆಸ್ಪತ್ರೆಗೆ ಯಾರು ಕರ್ಕೊಂಡೋದ್ರು?" ಎಂದು ಒಂದು ದಿನ ಕೇಳಿದೆ.

"ಯಾರೋ ಕರ್ಕೊಂಡೋದ್ರು ಬುಡು. ಅದ್ಯಾಕೀಗ?"

"ಅಪ್ಪನಾ?"

"ನಿಮ್ಮಪ್ಪ ಕನಕಪುರದ ಕ್ವಾರೀಲಿ ಕಲ್ಲು ಒಡೀತಿದ್ದ." ನಾನು ಪೆನ್ನು ಕೆಳಗಿಡದ್ದು ನೋಡಿ ಹೇಳಿದಳು, "ಪಕ್ಕದ ಮನೆಯೋಳು."

ಪಕ್ಕದ ಮನೆಯವಳೆಂದರೆ ನಾನು ಖಾಲಾ ಎಂದು ಕರೆಯುತ್ತ ಬೆಳೆದ ಮುಸ್ಲಿಂ ಹೆಂಗಸು. ಅದೇ ಶೆಡ್ಡಿನಲ್ಲಿ ನೂಲು ಬಿಚ್ಚಿದವಳು. ಎರಡು ಮನೆಗೂ ಒಂದೇ ಗೋಡೆ. ಆದರೂ ನಲ್ಲಿಯಲ್ಲಿ ನೀರು ಬಂದಾಗ ಕೂಗಿ ಹೇಳುವುದನ್ನು ಬಿಟ್ಟರೆ ಅಮ್ಮ ಅವಳ ಜೊತೆ ಮಾತಾಡಿದ್ದು ನಾನು ಕಂಡಿಲ್ಲ. ಕೆದಕಿದಾಗ ತುಣುಕು ತುಣುಕಾಗಿ ಹೊರಬಂತು: ದಿನಾ ಇಂಜೆಕ್ಷನ್ನಿಗೆ ಅಮ್ಮನನ್ನು ಕರೆದುಕೊಂಡು ಹೋದವಳು ಖಾಲಾ. ಅವಳ ಜಾಗಕ್ಕೆ ಹೊಸಬರನ್ನು ಹಾಕಬೇಡಿ, ಅವಳ ಬೇಸಿನ್ನನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದು ಮಾಲೀಕರಿಗೆ ಹೇಳಿದವಳೂ ಅವಳೇ. ಇದಷ್ಟನ್ನೂ ಒಂದು ಪುಟ ಬರೆದೆ.

ನಮ್ಮಲ್ಲಿ ಇಂಥ ಪುಸ್ತಕಕ್ಕೆ ಪಾಸ್ಟರ ಮುನ್ನುಡಿ ಇರಬೇಕು. ಇಲ್ಲದಿದ್ದರೆ ಸಭೆಯ ಕಪಾಟಿನಲ್ಲಿ ಅದಕ್ಕೆ ಜಾಗವಿಲ್ಲ. ಪಾಸ್ಟರು ಹಸ್ತಪ್ರತಿಯನ್ನು ಶ್ರದ್ಧೆಯಿಂದ ಓದಿ, ಆ ಒಂದು ಪುಟದ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

"ನೋಡವ್ವ, ಸಾಕ್ಷಿ ಅಂದ್ರೆ ದೇವ್ರು ಮಾಡಿದ್ದು. ನಡುವೆ ಇನ್ನೊಬ್ರು ಬಂದು ನಿಂತ್ರೆ ಓದೋರಿಗೆ ಅವರ ಮುಖವೇ ಕಾಣ್ತದೆ. ನಿಮ್ಮಮ್ಮ ಸಭೇಲಿ ಹೇಳ್ದಂಗೇ ಇರ್ಲಿ."

ಅವರು ಹೇಳಿದ್ದಕ್ಕೆ ತೆಗೆದೆ ಎಂದು ಎಷ್ಟೋ ಕಾಲ ಹೇಳಿಕೊಂಡೆ. ಆದರೆ ಆ ಪುಟ ತೆಗೆದ ಮೇಲೆ ಅಧ್ಯಾಯ ಸಲೀಸಾಗಿ ಓಡಿತು. ಗಾಯ, ಉಪವಾಸ, ವಾಸಿ. ಓದಿಕೊಂಡಾಗ ನನಗೇ ರೋಮಾಂಚನವಾಯಿತು. ಆ ಪುಟ ಹೋದದ್ದು ಪೆನ್ಸಿಲಿನಿಂದ ಎಷ್ಟು, ನನ್ನ ಆಸೆಯಿಂದ ಎಷ್ಟು ಎಂದು ಇವತ್ತಿಗೂ ಬೇರ್ಪಡಿಸಲಾರೆ.

ಚನ್ನಪಟ್ಟಣದ ಸಣ್ಣ ಪ್ರೆಸ್ಸೊಂದರಲ್ಲಿ ಅಚ್ಚಾಯಿತು. ಮದುವೆ ಪತ್ರಿಕೆ, ಗೊಂಬೆ ಪೆಟ್ಟಿಗೆಗಳ ಲೇಬಲ್ಲು ಮಾಡುವವರು. ಮೊದಲ ಪ್ರೂಫಿನಲ್ಲಿ ನನ್ನ ಹೆಸರು ಕಂಡು ಎರಡು ಸಲ ಮುಟ್ಟಿ ನೋಡಿದೆ, ಬೆರಳಿಗೆ ಮಸಿ ಹತ್ತಿತು. ಭಾನುವಾರ ಪಾಸ್ಟರು ಪುಸ್ತಕದ ಕಟ್ಟಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹಿರಿಯರೊಬ್ಬರು, "ನಮ್ಮ ಸಭೇಲೂ ಒಬ್ಳು ಲೇಖಕಿ ಆದ್ಲಪ್ಪ, ಇನ್ಮೇಲೆ ಬಾಯಿ ಬುಡೋ ಮುಂಚೆ ಯೋಚ್ನೆ ಮಾಡ್ಬೇಕು" ಎಂದು ನಗಿಸಿದರು. ಆಮೇಲಿನ ವಾರಗಳಲ್ಲಿ ಯಾರೂ ಏನೂ ಹೇಳಲಿಲ್ಲ. ಕೊಂಡವರು ಓದಿದರೋ ಇಲ್ಲವೋ ತಿಳಿಯಲಿಲ್ಲ. ಕಾರ್ಖಾನೆಯಲ್ಲಿ ಒಬ್ಬಳು, "ಪುಸ್ತಕ ಬರ್ದ್ರೆ ಪ್ರಮೋಷನ್ ಕೊಡ್ತಾರೇನೇ?" ಎಂದಳು.

ಮೊದಲು ಓದಿಸಿಕೊಂಡವಳು ಖಾಲಾ. ಮುಖಪುಟದ ಮೇಲೆ ಅಮ್ಮನ ಕೈಯ ಫೋಟೋ ಇತ್ತು. ಖಾಲಾಗೆ ಉರ್ದು ಓದಲು ಬರುತ್ತದೆ, ಕನ್ನಡ ಓದಲು ಬಾರದು. ಹೊಸಿಲ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತ ನನ್ನನ್ನು ತಡೆದಳು.

"ನಿಮ್ಮಮ್ಮನ ಕೈ ಅಲ್ವಾ ಇದು? ಆ ಗಾಯದ್ದು ಬರ್ದಿದೀಯಾ ಬೇಟಿ? ಓದು, ಕೇಳ್ತೀನಿ."

ಓದತೊಡಗಿದೆ. ಗಾಯ ಮುಗಿಯಿತು. ಉಪವಾಸ ಬರುವ ಮುಂಚೆ ಅವಳ ಕೈ ಸೊಪ್ಪಿನ ಮೇಲೆ ನಿಂತದ್ದು ಕಂಡಿತು, ಕಾಯುತ್ತಿದ್ದಳು. ನಾನು ಪುಸ್ತಕದಿಂದ ಕಣ್ಣೆತ್ತದೆ ಅದರಲ್ಲಿ ಇಲ್ಲದ್ದನ್ನು ಓದಿದೆ: "ಆಗ ಪಕ್ಕದ ಮನೆಯ ತಾಯಿಯೊಬ್ಬಳು ದೇವದೂತನ ಹಾಗೆ ಬಂದು..." ತೆಗೆದ ಪುಟಕ್ಕಿಂತ ಉದ್ದವಾಗಿ, ಬಣ್ಣವಾಗಿ ಓದಿದೆ. ಇಂಜೆಕ್ಷನ್ನು, ಎರಡು ಬೇಸಿನ್ನಿನ ದುಡಿಮೆ, ಅವಳ ಕಣ್ಣೀರು. ಕಣ್ಣೀರಂತೂ ಆ ಕ್ಷಣದ ನನ್ನ ಸೃಷ್ಟಿ.

ಖಾಲಾ ನಕ್ಕಳು. "ಹಾಳೆ ತಿರುಗಿಸ್ಲೇ ಇಲ್ಲ ನೀನು. ಇಷ್ಟೊಂದು ಮಾತು ಒಂದು ಹಾಳೇಲಿ ಹೆಂಗೆ ಹಿಡೀತು?"

"ಇಲ್ಲ ಖಾಲಾ. ಇದರಲ್ಲಿ ಅದಿಲ್ಲ. ಬರ್ದಿದ್ದೆ, ತೆಗೆದೆ."

"ತೆಗೆದಿದ್ದು ಒಳ್ಳೇದೇ ಆಯ್ತು. ನಾನ್ಯಾವ ಫರಿಶ್ತಾನೂ ಅಲ್ಲ, ದೇವದೂತಾನೂ ಅಲ್ಲ." ಸೊಪ್ಪಿನ ಕಡ್ಡಿಯನ್ನು ಆಚೆ ಎಸೆದಳು. "ನಿಮ್ಮಮ್ಮನ ಬೇಸಿನ್ ಬಾಗಿಲ ಹತ್ರ ಇತ್ತು. ಗಾಳಿ ಬರ್ತಿತ್ತು. ನಂದು ಒಳಗೆ, ಒಲೆ ಹೊಗೆ ಪಕ್ಕ. ನಂಗೆ ದಮ್ಮು ಗೊತ್ತಲ್ಲ? ಅವಳು ವಾಸಿಯಾಗಿ ವಾಪಸ್ ಬಂದ್ಲು. ನಾನು ಅವಳ ಜಾಗದಿಂದ ಏಳ್ಲಿಲ್ಲ."

"ಆಮೇಲೆ?"

"ಆಮೇಲೇನು, ಶೆಡ್ ಮುಚ್ಚೋವರ್ಗೂ ಏಳ್ಲಿಲ್ಲ. ಅವಳು ಒಳಗೆ ಹೋಗಿ ಕೂತ್ಲು. ಬರಿಯೋದಾದ್ರೆ ಅದನ್ನೂ ಬರಿ, ಇಲ್ದಿದ್ರೆ ಎರಡೂ ಬೇಡ."

ಯಾವ ಬೇಸಿನ್ ಎಲ್ಲಿತ್ತೆಂದು ನೋಡಿ ಬರಲು ಈಗ ಶೆಡ್ಡೂ ಇರಲಿಲ್ಲ. ಒಳಗಿನದೆಲ್ಲ ಕಿತ್ತು ಕಾರಿನ ಸೀಟಿನ ಫೋಮ್ ತುಂಬುವ ಗೋಡೌನ್ ಮಾಡಿದ್ದರು.

ಅಮ್ಮನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು.

"ಹೇಳ್ಬುಟ್ಲಾ?" ಮೊರ ಕೆಳಗಿಟ್ಟಳು. "ಅವಳಿಗೆ ದಮ್ಮಂತೆ. ನಂಗೆ ಗಾಯ ಇರ್ಲಿಲ್ವಾ? ಹಸಿ ಕೈಯಿಟ್ಕೊಂಡು ಹೊಗೇಲಿ ಕೂತೆ ಕಣೇ."

"ಮತ್ತೆ ಸಾಕ್ಷೀಲಿ ಅವಳ ಮಾತೇ ಯಾಕೆ ಎತ್ಲಿಲ್ಲ?"

"ಆಸ್ಪತ್ರೆದು ಹೇಳುದ್ರೆ ಬೇಸಿನ್ದೂ ಹೇಳ್ಬೇಕಾಯ್ತದೆ. ದೇವ್ರ ಮುಂದೆ ನಿಂತ್ಕೊಂಡು ಅರ್ಧ ಹೇಳಕ್ಕಾಯ್ತದಾ? ಅದುಕ್ಕೇ ಎರಡೂ ಬುಟ್ಟೆ." ಮತ್ತೆ ಮೊರ ಎತ್ತಿಕೊಂಡು ಹೇಳಿದಳು, "ಬರೀಬೇಕು ಅಂದ್ರೆ ಆಸ್ಪತ್ರೆಗೆ ಕರ್ಕೊಂಡೋದ್ಲು ಅಂತ ಬರಿ. ಬೇಸಿನ್ದು ಬ್ಯಾಡ. ಒಂದು ಜಾಗಕ್ಕೆ ಇಷ್ಟು ವರ್ಷ ಮುಖ ತಿರುಗುಸ್ಕೊಂಡಿದ್ಲು ಅಂತಾರೆ ಜನ."

ನಾನು ಎರಡನ್ನೂ ಬರೆದೆ. ಒಂದು ಹಾಳೆ ಅಚ್ಚು ಮಾಡಿಸಿ, ಉಳಿದ ಪ್ರತಿಗಳಲ್ಲಿ ಆ ಅಧ್ಯಾಯದ ನಡುವೆ ಗೋಂದು ಹಚ್ಚಿ ಅಂಟಿಸಿದೆ. ನಿಜ ಹೇಳಿದ ಉತ್ಸಾಹ ಮೈಯಲ್ಲಿತ್ತು. ಅದೂ ಒಂದು ರೋಮಾಂಚನವೇ ಎಂದು ಆಗ ಹೊಳೆಯಲಿಲ್ಲ. ಪಾಸ್ಟರು ನಿಂತುಕೊಂಡೇ ಹಾಳೆ ಓದಿದರು. ಬಯ್ಯುತ್ತಾರೆಂದು ಸಿದ್ಧಳಾಗಿದ್ದೆ.

"ನಿಮ್ಮಮ್ಮ ಓದಿದ್ರಾ?"

"ಇಲ್ಲ."

"ಓದಿ ಹೇಳು ಮೊದ್ಲು" ಎಂದು ಪುಸ್ತಕಗಳನ್ನು ಕಪಾಟಿನಲ್ಲಿಟ್ಟರು. ಮುನ್ನುಡಿ ತೆಗೆ ಅನ್ನಲಿಲ್ಲ.

ಅಮ್ಮನಿಗೆ ಓದಿ ಹೇಳಿದೆ. ಈ ಸಲ ಹಾಳೆಯಲ್ಲಿದ್ದಷ್ಟೇ. ಪೂರ್ತಿ ಕೇಳಿದಳು. "ಸುಳ್ಳೇನಿಲ್ಲ" ಎಂದಳು. ಅವಳು ಅತ್ತಳು ಎಂದು ಈ ಬರಹದ ಒಂದು ಕರಡಿನಲ್ಲಿ ಬರೆದಿದ್ದೆ. ಅತ್ತಿರಲಿಲ್ಲ. ಎದ್ದು ಹೋಗಿ ಸ್ಟೌ ಹಚ್ಚಿದಳು. ಖಾಲಾ ಮಾತ್ರ ನಾನು ಹಾಳೆ ಅಂಟಿಸಿ ಕೊಟ್ಟ ಪ್ರತಿಯನ್ನು ಬಂದವರಿಗೆಲ್ಲ ತೋರಿಸಿ, "ಇದರಲ್ಲಿ ನನ್ನ ಕಳ್ಳತನ ಬಂದಿದೆ" ಅನ್ನುತ್ತಿದ್ದಳಂತೆ.

ಮುಂದಿನ ಭಾನುವಾರಗಳಲ್ಲಿ ಸಾಕ್ಷಿಯ ಹೊತ್ತು ಬಂತು, ಹೋಯಿತು. ಅಮ್ಮ ಏಳಲಿಲ್ಲ. ವರ್ಷ ಕಳೆಯಿತು. ಅಚ್ಚಾದ ಮೇಲೆ ಹೇಳುವುದೇನು ಉಳಿದಿದೆ ಅಂದುಕೊಂಡಳೋ, ಇನ್ನು ಹೇಳಿದರೆ ಪೂರ್ತಿ ಹೇಳಬೇಕೆಂದು ಹೆದರಿದಳೋ, ನಾನು ಕೇಳಲಿಲ್ಲ. ಕೇಳಿದರೆ ಅದನ್ನೂ ಬರೆಯುತ್ತೇನೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಸಾಕ್ಷಿಗೆ ಯಾರೂ ಏಳಲಿಲ್ಲ. ಪಾಸ್ಟರು ಅಭ್ಯಾಸದಿಂದ ಅವಳ ಕಡೆ ನೋಡಿದರು, ನೆರೆದವರೂ ನೋಡಿದರು. ಅಮ್ಮ ತಲೆ ಬಗ್ಗಿಸಿ ಹಾಡಿನ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ, ಇನ್ನೂ ಯಾರೂ ಸಂಖ್ಯೆ ಹೇಳದ ಹಾಡೊಂದನ್ನು ಹುಡುಕುತ್ತಿದ್ದಳು.