ಬಾಯಿ ಬಿಟ್ಟರೆ ಸಾಯುವ ಮದ್ದು

ಕಾಮಾಲೆಯವನ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಮಾತನ್ನು ಗುಮಾಸ್ತ ಮೋನಪ್ಪ ಅಕ್ಷರಶಃ ನಂಬಿದ್ದ. (ಇದನ್ನು ಬರೆಯುತ್ತಿರುವವನ ಹೆಸರೂ ಮೋನಪ್ಪನೇ, ಕಾಕತಾಳೀಯವಲ್ಲ.) ಕುರ್ಲಾದ ಚಾಳಿನ ಸುಣ್ಣದ ಗೋಡೆ ಅವನಿಗೆ ಬೆಳ್ಳಗೇ ಕಾಣುತ್ತಿತ್ತು. ಆದ್ದರಿಂದ ತನಗೆ ಕಾಮಾಲೆಯಿಲ್ಲವೆಂದು ವಾರವಿಡೀ ವಾದಿಸಿದ. ನೋಡಿದವರಿಗೆ ಮಾತ್ರ ಅವನ ಕಣ್ಣು ಅರಸಿನದಲ್ಲಿ ಅದ್ದಿ ತೆಗೆದಂತಿತ್ತು. ಇನ್ನು ಹತ್ತು ದಿನಕ್ಕೆ ಕಂಪನಿ ಡಾಕ್ಟರರ ತಪಾಸಣೆ. ಪಾಸಾದರೆ ನೌಕರಿ ಖಾಯಂ, ಇಲ್ಲವಾದರೆ ಊರಿಗೆ ಮರಳಲು ಮಂಗಳೂರಿನ ಹಡಗು.

ಕೊನೆಗೆ ಚಾಳಿನ ಪಕ್ಕದ ಹೋಟೆಲಿನ ಹಿತ್ತಲಿಗೆ ಹೋಗಿ ಐತನ ಮುಂದೆ ನಿಂತ. ಘಟ್ಟದ ಕಾಡಿನ ಮಲೆಕುಡಿಯ ಜನಾಂಗದ ಐತ ಹನ್ನೆರಡು ವರ್ಷದಿಂದ ಅಲ್ಲಿ ದೋಸೆಹಿಟ್ಟು ರುಬ್ಬುತ್ತಿದ್ದ. ಜೊತೆಗೆ ಅಪ್ಪ ಕಲಿಸಿದ ಮದ್ದು ಕೊಡುತ್ತಿದ್ದ. ಪ್ರತಿಫಲ ಒಂದು ವೀಳ್ಯದೆಲೆ, ಒಂದು ಅಡಿಕೆ, ಅಷ್ಟೆ.

"ಘಾಟ್ಕೋಪರ್ ಗುಡ್ಡದಲ್ಲಿ ಗಿಡ ಉಂಟು. ಕಿತ್ತ ಮೇಲೆ ಅರೆದು ಕೊಡುವವರೆಗೆ ನಾನು ಬಾಯಿ ಬಿಡಬಾರದು. ಬಿಟ್ಟರೆ ಮದ್ದು ಸತ್ತಿತು. ಕಾಡಲ್ಲಾದರೆ ಸುಲಭ. ಇಲ್ಲಿ ಲೋಕಲ್ ರೈಲಲ್ಲಿ ಬರಬೇಕಲ್ಲ ಗುಮಾಸ್ತರೇ! ಮೊನ್ನೆ ಒಬ್ಬ ಕಾಲು ತುಳಿದ, ನಾನು ಬೈದೆ. ಮದ್ದು ಹೋಯ್ತು."

"ನಿಮ್ಮ ಬದಲು ನಾನು ಮಾತಾಡ್ತೇನೆ, ಐತಣ್ಣ," ಎಂದ ಮೋನಪ್ಪ. ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಮರುದಿನ ಬೆಳಿಗ್ಗೆ ಐತ ಇವನಿಗೆ ಬೆನ್ನು ಹಾಕಿ ಕುಳಿತು ಗಿಡ ಕಿತ್ತು, ಬಟ್ಟೆಯಲ್ಲಿ ಕಟ್ಟಿ, ಬಾಯಿ ಬಿಗಿದು ರೈಲು ಹತ್ತಿದ. ಐತನನ್ನು ಟಿಕೇಟ್ ಕೇಳಿದ ಚೆಕ್ಕರನಿಗೆ ಮೋನಪ್ಪ, "ಮೌನವ್ರತ್ ಹೈ ಸಾಬ್," ಎಂದ. ಚೆಕ್ಕರ್ ಕೈಮುಗಿದ. ಅಲ್ಲಿಗೆ ಕೆಟ್ಟಿತು.

"ಯಾವ ಮಠದ ಸ್ವಾಮಿಗಳ್ರೀ ಇವ್ರು?" ಎದುರು ಕುಳಿತಿದ್ದ ಧಾರವಾಡದ ಕಾಶವ್ವ ಸೆರಗು ಹೊದ್ದಳು. "ನನ್ನ ಮೊಣಕಾಲಿಗೆ ಏನರ ಹೇಳ್ರಿ ಅಂತ ಕೇಳ್ರೀ."

ಮೋನಪ್ಪ ಐತನ ಮುಚ್ಚಿದ ಬಾಯಿಗೆ ಕಿವಿ ಕೊಟ್ಟು, "ಮೂರು ಮಂಗಳವಾರ ಬೇವಿನ ಸೊಪ್ಪಿನ ಮೇಲೆ ಮಲಗಬೇಕಂತೆ," ಎಂದ. ಕುರ್ಲಾ ಬರುವಷ್ಟರಲ್ಲಿ ಕೆಮ್ಮಿಗೆ, ಉದುರುವ ಕೂದಲಿಗೆ, ಒಬ್ಬಳ ಅತ್ತೆಯ ಬಾಯಿಗೆ ಕೂಡ ಮದ್ದು ಹೇಳಿಯಾಗಿತ್ತು. ಐತನ ಮುಖ ಕೆಂಡವಾಗಿತ್ತು. ತುಟಿ ಮಾತ್ರ ತೆರೆಯಲಿಲ್ಲ.

ಮೂರು ಬೆಳಿಗ್ಗೆ ಹೀಗೇ ಸಾಗಿತು. ಮೂರನೆಯ ದಿನ ಕಾಶವ್ವ ನೆರೆಯವರಿಬ್ಬರನ್ನೂ ಕರೆತಂದಿದ್ದಳು. ಮಜ್ಜಿಗೆಯಲ್ಲಿ ಕದಡಿದ ಆ ಕಹಿಯನ್ನು ಮೋನಪ್ಪ ಮೂರು ದಿನವೂ ಮೂಗು ಹಿಡಿದು ಕುಡಿದ.

ಹತ್ತನೆಯ ದಿನ ಡಾಕ್ಟರರು ಅವನ ರೆಪ್ಪೆ ಎಳೆದು ನೋಡಿ "ಫಿಟ್" ಎಂದು ಬರೆದರು. ಸಂಜೆ ಅವನು ವೀಳ್ಯದೆಲೆ, ಅಡಿಕೆ ಹಿಡಿದು ಹಿತ್ತಲಿಗೆ ಬಂದ.

"ಐತಣ್ಣ, ನಿಜ ಹೇಳಿ. ಮಾತಾಡಿದ್ದರೆ ಮದ್ದು ಸಾಯ್ತಿತ್ತಾ? ಅಥವಾ ನಾನು ಗಿಡದ ಹೆಸರು ಕೇಳ್ತೇನೆ ಅಂತ ಬಾಯಿ ಮುಚ್ಚಿದ್ದಾ?"

ಐತ ರುಬ್ಬುವುದನ್ನು ನಿಲ್ಲಿಸಿದ.

"ಒಂದು ಗಿಡದ ಹೆಸರೂ ಗೊತ್ತಿಲ್ಲದೆ ರೈಲಲ್ಲಿ ಅಷ್ಟು ಜನಕ್ಕೆ ಮದ್ದು ಹೇಳಿದ್ರಿ. ಗೊತ್ತಿದ್ದಿದ್ರೆ ಎಷ್ಟು ಜನರನ್ನು ಕೊಲ್ತಿದ್ರಿ?"